ನೀರು ಕುಡಿಯುವ ಬಾವಲಿ

ಕ್ಯಾಮೆರಾ ಸಂಘದ ಕ್ಲೆಮ್ ಕರಿ ಕೋಟಿನ ತೋಳು ಮಡಚಿಕೊಂಡು, ಬಟ್ಟೆ ಒಗೆಯುವ ಕೋಣೆಯಲ್ಲಿ ಫಿಲ್ಮ್ ತೊಳೆಯುವ ಡಬ್ಬಿಯನ್ನು ಬೋರಲು ಹಾಕುತ್ತ, ನೆಟ್ಟಗೆ ಮಾಡುತ್ತ ನಿಂತಿದ್ದ. ಹೊರಗೆ ಶವದ ಕಾರು ಬಂದಾಗಿತ್ತು. ಪೆಟ್ಟಿಗೆಯೊಳಗಿದ್ದವನು ಮರ್ವ್, ಊರಿನ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಅವನ ಹೆಂಡತಿ ಡಲ್ಸಿ ಬಾಗಿಲಿಗೆ ಅಡ್ಡ ನಿಂತು, ಗಂಡನ ಈ ಕೊನೆಯ ಸುರುಳಿ ನೋಡದೆ ತಾನು ಚರ್ಚಿಗೆ ಬರುವುದಿಲ್ಲ ಎಂದುಬಿಟ್ಟಿದ್ದಳು.

ಕೊನೆಯ ಸಂಜೆ ಕೆರೆಯಿಂದ ಬಂದವನು, "ಸಿಕ್ತು ಅನ್ಸತ್ತೆ ಕಣೇ" ಎಂದು ಮಲಗಿದ, ಮತ್ತೆ ಏಳಲಿಲ್ಲ. ಆ "ಅನ್ಸತ್ತೆ" ಅವಳನ್ನು ಕೊರೆಯುತ್ತಿತ್ತು.

ಪಾದ್ರಿಗಳು ಕಾಯುತ್ತಿದ್ದಾರೆ ಎಂದು ನಾದಿನಿ ಗೊಣಗಿದಳು.

"ನಾನು ಇಷ್ಟು ವರ್ಷ ಕಾದಿದೀನಿ. ಅವರೂ ಸ್ವಲ್ಪ ಕಾಯ್ಲಿ ಬಿಡು."

*

ಮರ್ವ್‌ಗೆ ಬೇಕಾಗಿದ್ದದ್ದು ಒಂದೇ ಚಿತ್ರ: ಹಾರುತ್ತಲೇ ನೀರಿಗೆ ನಾಲಿಗೆ ತಾಗಿಸಿ ಹೋಗುವ ಪುಟ್ಟ ಬಾವಲಿ. ಮೊದಲು ಕೆರೆಯ ದಂಡೆಗೆ ಫ್ಲ್ಯಾಶ್ ಇಟ್ಟು ತಂತಿ ಎಳೆದ. ಪಕ್ಕದವರ ಹಸುಗಳು ತುಳಿದು ತುಂಡು ಮಾಡಿದವು. ಆಮೇಲೆ ತಂತಿಯ ಗೊಡವೆಯಿಲ್ಲದೆ ರೇಡಿಯೋದಿಂದ ಒಟ್ಟಿಗೆ ಮಿಂಚುವ ನಾಲ್ಕು ಫ್ಲ್ಯಾಶ್ ತಂದ. ಕಗ್ಗತ್ತಲಲ್ಲಿ ವೇಗದ ರೆಕ್ಕೆ ಹಿಡಿಯಲು ಬೆಳಕು ಜೋರಾಗಿರಬೇಕೆಂದು ನಾಲ್ಕನ್ನೂ ಪೂರ್ತಿ ಶಕ್ತಿಗೆ ತಿರುಗಿಸಿದ. ಸಿಕ್ಕಿದ್ದೆಲ್ಲ ಬ್ರೆಡ್ಡಿಗೆ ಸವರಿದ ಜಾಮಿನಂಥ ಬಾವಲಿ. ಕ್ಯಾಮೆರಾ ಸಂಘದಲ್ಲಿ ಕ್ಲೆಮ್, ಈ ಸಲ ಯಾವ ಹಣ್ಣಿನ ಜಾಮು ಎಂದು ಕೇಳದ ತಿಂಗಳಿರಲಿಲ್ಲ.

ಕಳೆದ ಚಳಿಗಾಲ ಡಲ್ಸಿ ಬ್ಯಾಟರಿ ಉಳಿಯಲೆಂದು, ಕೇಳದೆ, ನಾಲ್ಕನ್ನೂ ತೀರಾ ಕೆಳಕ್ಕಿಳಿಸಿಟ್ಟಳು. ಮರ್ವ್ ಕೆಂಡಾಮಂಡಲವಾದ. ಆದರೆ ಗೊತ್ತಾಗದೆ ಹಾಗೇ ತೆಗೆದಿದ್ದ ಸುರುಳಿಯಲ್ಲಿ ಒಂದು ರೆಕ್ಕೆಯ ತುದಿ, ಮಂಕಾಗಿದ್ದರೂ, ನರನರವೂ ಕಾಣುವಂತೆ ಬಂದಿತ್ತು. ಶಕ್ತಿ ಇಳಿದಷ್ಟೂ ಮಿಂಚು ಚುಟುಕು, ಚುಟುಕಾದಷ್ಟೂ ರೆಕ್ಕೆ ಅಲ್ಲೇ ನಿಲ್ಲುತ್ತದೆ. ಮಹಾಶಯ ಅಷ್ಟು ವರ್ಷವೂ ಅದನ್ನು ತಿರುಗಾಮುರುಗಾ ಹಿಡಿದಿದ್ದ.

"ನಿಂಗೆ ಯಾರೇ ಹೇಳ್ಕೊಟ್ರು ಇದನ್ನ?"

"ಅಂಗಡಿಯವನ ಬ್ಯಾಟರಿ ರೇಟು."

ಮರ್ವ್ ಅವಳನ್ನು ಅಡುಗೆಮನೆಯಲ್ಲೇ ಎತ್ತಿ ತಿರುಗಿಸಿ ಸೊಂಟ ಉಳುಕಿಸಿಕೊಂಡ. ನೋವು ಇಳಿದ ಮೇಲೆ, ಮಂಕು ಹೋಗಲೆಂದು ಫ್ಲ್ಯಾಶ್‌ಗಳನ್ನು ನೀರಿನ ಅಂಚಿಗೇ ಸರಿಸಿದ.

*

ಕ್ಲೆಮ್ ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಬರಿ ನೀರು. ಒಂದು ಬಾಲ. ಮತ್ತೆ ಬರಿ ನೀರು. ಕೊನೆಯ ಚೌಕದ ಹತ್ತಿರ ಅವನ ಕೈ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಬಂದಿದ್ಯಾ, ಕ್ಲೆಮ್?" ಡಲ್ಸಿ ಅವನ ಭುಜದ ಮೇಲಿಂದ ಇಣುಕಿದಳು.

"ನಾಲಿಗೆ ನೀರಿಗೆ ತಾಗಿದೆ ಡಲ್ಸಿ. ಮೂತಿ ಮೇಲಿನ ಕೂದಲು ಎಣಿಸ್ಬಹುದು. ನನ್ನ ಜನ್ಮದಲ್ಲಿ ಇಂಥದ್ದು ನಾನು ತೆಗೆದಿಲ್ಲ."

ಡಲ್ಸಿಗೆ ಅಳು ಬರಲಿಲ್ಲ. ಗೆದ್ದೆವು ಅನ್ನಿಸಿತು, ಇಬ್ಬರೂ. ಫಿಲ್ಮ್ ಕಸಿದುಕೊಂಡು ಅಂಗಳಕ್ಕೆ ನಡೆದವಳೇ ಬಟ್ಟೆಯ ತಂತಿಗೆ ಸಿಕ್ಕಿಸಿ, ಕಾರಿನ ಕಡೆ ತಿರುಗಿ, "ಅನ್ಸೋದೇನ್ ಬಂತು, ಸಿಕ್ಕಿದೆ ಕಣೋ" ಎಂದಳು.

ಬಂದವರೆಲ್ಲ ಸಾಲಾಗಿ ನಿಂತರು. ಬೆಳಕು ಕತ್ತಲು ಅದಲುಬದಲಾಗುವ ನೆಗೆಟಿವ್‌ನಲ್ಲಿ ಇರುಳು ಗಾಜಿನಷ್ಟು ತಿಳಿಯಾಗಿತ್ತು, ಅದರ ನಡುವೆ ರೆಕ್ಕೆ ಹರಡಿದ ಬಾವಲಿ. ತಡವೇಕೆಂದು ವಿಚಾರಿಸಲು ಬಂದ ಪಾದ್ರಿಗಳು ಸಾಲಿನ ಕೊನೆಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಬಿಸಿಲಿಗೆ ಕತ್ತೆತ್ತಿದರು. ಫಿಲ್ಮಿನಿಂದ ಒಂದು ಹನಿ ಅವರ ಹಣೆಯ ಮೇಲೆ ಬಿತ್ತು. ಅವರು ಒರೆಸಿಕೊಳ್ಳದೆ ನೋಡುತ್ತಲೇ ಇದ್ದರು.