ಬೂದಿಯಲ್ಲಿಟ್ಟ ಅವರೆ

ಒಣಗಿದ ಕಾಯಿಯನ್ನು ಗಿರಿಜಮ್ಮ ಹೆಬ್ಬೆರಳಿಂದ ಬಿಡಿಸಿದರು. ಎರಡು ಕಾಳು ಗಟ್ಟಿ, ಒಂದು ಜೊಳ್ಳು. ಜೊಳ್ಳನ್ನು ಪಕ್ಕಕ್ಕಿಟ್ಟು ಮುಂದಿನ ಕಾಯಿಗೆ ಕೈಹಾಕಿದರು.

"ಅತ್ತಯ್ಯಾ, ಇಷ್ಟಕ್ಕೆ ಮೊರ ಯಾಕೆ? ಅಂಗೈ ಸಾಕಾಗ್ತಿತ್ತು," ಎಂದಳು ಬಟ್ಟೆ ಹರವುತ್ತಿದ್ದ ಸೊಸೆ ಜಾಹ್ನವಿ. ಗಾಜುವಾಕದ ಬಾಡಿಗೆ ಮನೆಯ ತಾರಸಿ ಅದು. ಅವರೆ ಬಳ್ಳಿಗೆ ಒಂದೇ ಕುಂಡ.

"ಬೀಜ ಮೊರದಲ್ಲೇ ಇರಬೇಕು ಕಣೇ. ಅಂಗೈಲಿದ್ರೆ ಬಾಯಿಗೆ ಹೋಗ್ತದೆ."

ಜಾಹ್ನವಿ ನಕ್ಕಳು. ಗಿರಿಜಮ್ಮ ನಗಲಿಲ್ಲ.

ಗಂಡ ಕೃಷ್ಣಪ್ರಸಾದರು ಬ್ಯಾಂಕಿನ ವರ್ಗದ ಮೇಲೆ ವಿಜಯವಾಡಕ್ಕೆ ಬಂದಾಗ, ಗಿರಿಜಮ್ಮ ಚಿಂತಾಮಣಿಯ ತವರಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಬೀಜ ಅದು. ಬುಡಮೇರು ಹಳ್ಳದ ಪಕ್ಕದ ಬೀದಿಯಲ್ಲಿ, ನೆರೆಮನೆಯ ಕನಕಲಕ್ಷ್ಮಿಯ ಹಿತ್ತಿಲಲ್ಲಿ ಬೇರುಬಿಟ್ಟಿತು. ಪುಷ್ಯ ಬಂತೆಂದರೆ ಬೀದಿಯ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಕೂತು ನೆನೆದ ಕಾಳು ಹಿತಕುವುದು; ಬೇಳೆ ಬಟ್ಟಲಿಗೆ, ಸಿಪ್ಪೆ ಎಮ್ಮೆಗೆ, ಮಾತು ಊರಿಗೆಲ್ಲ. ಕೊನೆಗೆ ಬಿತ್ತನೆಯ ಕಾಳನ್ನು ಇಬ್ಬರೂ ಪಾಲು ಮಾಡಿಕೊಂಡು ಬೂದಿ ಬೆರೆಸಿ ಇಡುತ್ತಿದ್ದರು. ಬೀಜ ಎರಡು ಮನೆಯಲ್ಲಿರಬೇಕು, ಒಂದು ಮನೆಯದು ಕೆಟ್ಟರೆ ಇನ್ನೊಂದು ಕಾಯಬೇಕು ಎಂಬುದು ಅವರಿಬ್ಬರ ಕಟ್ಟುಪಾಡು.

ಕಾಯಿಲೆ ಬಿದ್ದ ಗಂಡನನ್ನು ಕರೆದುಕೊಂಡು ಗಾಜುವಾಕಕ್ಕೆ ಮಗನ ಮನೆಗೆ ಬಂದಾಗ ಗಿರಿಜಮ್ಮನ ಪಾಲೂ ಡಬ್ಬಿಯಲ್ಲಿ ಬಂತು. ಜ್ಯೇಷ್ಠದ ಒಂದು ಸಂಜೆ ಕೃಷ್ಣಪ್ರಸಾದರು ಕೇಳಿದರು, "ಹಿತಕಿದ ಬೇಳೆ ಸಾರು ಮಾಡ್ತೀಯೇನೇ?" ಆ ಕಾಲದಲ್ಲಿ ಪೇಟೆಯಲ್ಲಿ ಅವರೆಯೆಲ್ಲಿ? ಗಿರಿಜಮ್ಮ ಡಬ್ಬಿ ತೆಗೆದು, ಬೂದಿ ತೊಳೆದು, ಕಾಳು ನೆನೆಹಾಕಿದರು. ಅವರು ಉಂಡದ್ದು ಎರಡು ತುತ್ತು. ಮೂರನೆಯ ದಿನ ಹೋದರು.

ಆಮೇಲೆ ಬುಡಮೇರು ಉಕ್ಕಿತು. ಕನಕಲಕ್ಷ್ಮಿಗೆ ಕಿವಿ ಮಂದ, ಫೋನು ಆಗದು; ಕಾರ್ತಿಕದಲ್ಲಿ ಕಾಗದ ಬಂತು, ಎಂದಿನಂತೆ ಅತ್ತಿಗೆ ಎಂದು ಕರೆದು: "ವದಿನಾ, ಹಿತ್ತಿಲು, ಬೀಜ, ಎಲ್ಲ ನೀರುಪಾಲು. ನಿನ್ನ ಪಾಲಿನದು ಇದೆಯಲ್ಲ, ಅದೇ ಧೈರ್ಯ. ಬೀದಿಯವರು ಕೇಳುತ್ತಿದ್ದಾರೆ."

ತವರಲ್ಲಿ ವಿಚಾರಿಸಿದರೆ ಅವರೆಯ ಹೊಲದಲ್ಲೀಗ ಗುಲಾಬಿ. 'ಬೀಜಕ್ಕೆ ಹುಳ ಬಿತ್ತು' ಎಂದು ಬರೆದ ಉತ್ತರ ಸೀರೆಗಳ ಅಡಿಯಲ್ಲೇ ಉಳಿಯಿತು. ಮುಂದಿನ ಆಷಾಢದಲ್ಲಿ ಡಬ್ಬಿ ಉಜ್ಜಲೆಂದು ಒಳಗುಳಿದಿದ್ದ ಬೂದಿ ಸುರಿದಾಗ ತಳದಲ್ಲಿ ಏಳು ಕಾಳು ಸಿಕ್ಕವು. ಮೂರು ಮೊಳೆತವು. ಒಂದು ಬಳ್ಳಿ ಉಳಿಯಿತು.

ಮೊರದಲ್ಲಿ ಈಗ ಹನ್ನೊಂದು ಕಾಳು.

ಗಿರಿಜಮ್ಮ ಕಳಿಸದೆ ಇಟ್ಟಿದ್ದ ಹಳೆಯ ಕಾಗದ ಹರಿದು ಹೊಸದಕ್ಕೆ ಕೂತರು. ಮಾತು ತೆಲುಗು, ಅಕ್ಷರ ಕನ್ನಡ. ಕನಕಲಕ್ಷ್ಮಿ ಕೂಡಿಸಿಕೊಂಡು ಓದಬಲ್ಲಳು. "ವದಿನಾ, ಬೀಜ ಕಾಯಲಿಲ್ಲ ನಾನು. ಅವರಿಗೆ ಬೇಯಿಸಿ ಹಾಕಿದೆ. ಉಳಿದ ಸಾರು ಯಾರೂ ಮುಟ್ಟದೆ ಹಳಸಿತು. ಬೀದಿಗೆ ಸಾಲುವಷ್ಟಾಗಲು ಎಷ್ಟು ಪುಷ್ಯ ಬೇಕೋ, ನಾವಿಬ್ಬರೂ ಇರುತ್ತೇವೋ ಇಲ್ಲವೋ. ಹನ್ನೊಂದು ಕಳಿಸಿದ್ದೇನೆ."

"ಐದಾದರೂ ಇಟ್ಕೊಳ್ಳಿ ಅತ್ತಯ್ಯಾ. ಎರಡು ಮನೆ ಅಂತೀರಲ್ಲ," ಎಂದಳು ಜಾಹ್ನವಿ.

"ಈ ಮನೆ ಕಾದದ್ದು ನೋಡಾಯ್ತಲ್ಲ."

ಅಂಚೆ ಕಚೇರಿಯಲ್ಲಿ ಗುಮಾಸ್ತೆ ಮುದ್ರೆ ಎತ್ತಿದಳು. ಗಿರಿಜಮ್ಮ ಕೈ ಅಡ್ಡ ಹಿಡಿದರು. "ಮೆಲ್ಲಗಮ್ಮಾ, ಒಳಗೆ ಬೀಜ ಇದೆ."

ಅವಳು ಲಕೋಟೆಯ ಮೂಲೆಯಲ್ಲಿ ಮೆಲ್ಲಗೆ ಒತ್ತಿ, ಹಿಂದಿದ್ದ ಚೀಲಕ್ಕೆ ಹಾಕಿದಳು.