ಪೂಜೆ ಮುಗಿಯುವ ಹೊತ್ತಿಗೆ ಒಂದು ಲೋಟ

ಚನ್ನಬಸಪ್ಪನವರ ಮನೆಯ ಬೆಳಗಿಗೆ ಒಂದು ನಿಗದಿತ ಕ್ರಮವಿತ್ತು. ಆರೂವರೆಗೆ ಅವರು ಸ್ನಾನಕ್ಕೆ ಹೋಗುವರು. ಏಳಕ್ಕೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು, ಅಡುಗೆಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಪೂಜೆಗೆ ಕೂರುವರು. ಆಗ ಗೋಡೆಯ ಈಚೆಗೆ ಮಗಳು ಪ್ರೇರಣಾಳ ಕೆಲಸ ಆರಂಭವಾಗುವುದು. ಮೊದಲು ಮಿಕ್ಸಿಯ ಚಿಕ್ಕ ಜಾರಿನಲ್ಲಿ ಹುರಿದ ಅಗಸೆಬೀಜವನ್ನು ಒಣದಾಗಿಯೇ ಪುಡಿ ಮಾಡುವುದು. ಅನಂತರ ದೊಡ್ಡ ಜಾರಿಗೆ ನೆನೆಸಿಟ್ಟ ಓಟ್ಸ್, ಒಂದು ಹಿಡಿ ಹುರಿಗಡಲೆ, ಹಿಂದಿನ ದಿನ ರುಬ್ಬಿ ಸೋಸಿಟ್ಟ ಕಡಲೆಕಾಯಿ ಹಾಲು. ಅದು ನುಣ್ಣಗಾದ ಮೇಲೆ ಫ್ರೀಜರಿನಲ್ಲಿ ಕಲ್ಲಿನಂತಾಗಿರುವ ಹಿಪ್ಪುನೇರಳೆ ಮತ್ತು ಸ್ಟ್ರಾಬೆರಿ ಹಣ್ಣುಗಳು. ಕಟ್ಟಕಡೆಗೆ ಅಗಸೆಪುಡಿ, ಅದೂ ಮಿಕ್ಸಿ ತಿರುಗುತ್ತಿರುವಾಗಲೇ, ಮುಚ್ಚಳದ ನಡುವಿನ ತೂತಿನಿಂದ, ಚಿಟಿಕೆ ಚಿಟಿಕೆಯಾಗಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ತಂದೆ ಪೂಜಾಕೋಣೆಯಿಂದ ಹೊರಬರುವ ಹೊತ್ತಿಗೆ ನೇರಳೆ ಬಣ್ಣದ ಸ್ಮೂದಿ ಮೇಜಿನ ಮೇಲಿರಬೇಕು.

ಇರಬೇಕು ಎಂಬುದಕ್ಕೆ ಕಾರಣವಿತ್ತು. ನೀರು ಕಂಡ ಅಗಸೆಪುಡಿ ಯಾರಿಗೂ ಕಾಯುವುದಿಲ್ಲ. ನೋಡುನೋಡುತ್ತಲೇ ಉಬ್ಬಿ, ಲೋಳೆಯಾಗಿ, ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಮುಂಚಿತವಾಗಿ ಮಾಡಿ ಫ್ಲಾಸ್ಕಿನಲ್ಲಿ ತುಂಬಿಡುವ ಪ್ರಯೋಗವನ್ನೂ ಪ್ರೇರಣಾ ಮಾಡಿ ನೋಡಿದ್ದಳು. ಫ್ಲಾಸ್ಕನ್ನು ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳಲಿಲ್ಲ. “ಇದನ್ನ ಗೋಡೆಗೆ ಮೆತ್ತಬಹುದಮ್ಮ, ಸುಣ್ಣ ಬೇಕಾಗಿಲ್ಲ,” ಎಂದು ತಂದೆ ನಕ್ಕಿದ್ದರು. ಲಿಂಗಪೂಜೆಗೆ ಮೊದಲು ಅವರು ಹನಿ ನೀರನ್ನೂ ಮುಟ್ಟುವವರಲ್ಲ. ಹಾಗಾಗಿ ಲೋಟ ಪೂಜೆಗಿಂತ ಮೊದಲೇ ಸಿದ್ಧವಾಗುವಂತಿಲ್ಲ, ಮುಗಿದ ಮೇಲೆ ತಡವಾಗುವಂತೆಯೂ ಇಲ್ಲ. ಈ ಎರಡರ ನಡುವಿನ ಕಿರಿದಾದ ಹೊತ್ತಿನಲ್ಲಿ ಪ್ರೇರಣಾ ಪ್ರತಿದಿನ ವಡೋದರಾದ ಆ ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ನಿಂತಿರಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ನಿಲ್ದಾಣದಿಂದ ಅಹಮದಾಬಾದಿನ ಅಪ್‌ಡೌನ್‌ನವರ, ಅಂದರೆ ದಿನವೂ ಕೆಲಸಕ್ಕೆ ಹೋಗಿಬರುವವರ, ರೈಲು ಹೊರಡುತ್ತಿತ್ತು. ಗಾಳಿ ಅನುಕೂಲವಾಗಿದ್ದ ದಿನ ಅದರ ಕೂಗು ಕಿಟಕಿಯ ಸರಳುಗಳ ತನಕ ಬರುವುದು.

ಆ ರೈಲಿನಲ್ಲಿ ಅವಳು ಹೋಗಬಹುದಿತ್ತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಪ್ರೇರಣಾ ಮಕರಪುರದ ಒಂದು ಪ್ರಯೋಗಾಲಯದಲ್ಲಿ ಕಾರ್ಖಾನೆಗಳ ಹೊಲಸು ನೀರನ್ನು ಪರೀಕ್ಷಿಸುತ್ತಿದ್ದಳು. ಬೇರೆ ಬೇರೆ ಬಾಟಲಿ, ಅದೇ ನೀರು, ಅದೇ ಪರೀಕ್ಷೆ. ಅವಳಿಗೆ ಬೇಕಾಗಿದ್ದದ್ದು ಆಹಾರದ ಸಂಶೋಧನೆ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಅಂಥದೊಂದು ಕೆಲಸ ಸಿಕ್ಕಿತ್ತು. ಒಮ್ಮೆ ಅವಳು ಸಮಯ ಕೇಳಿದ್ದಳು, ಅವರು ಕೊಟ್ಟಿದ್ದರು. ಈಗ ಸೋಮವಾರದೊಳಗೆ ಉತ್ತರ ಹೇಳದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ತಿಳಿಸಿದ್ದರು.

“ಅಪ್ಪಾ, ಬೋಡಕ್‌ದೇವ್‌ನವರು ಮತ್ತೆ ಮೇಲ್ ಮಾಡಿದಾರೆ,” ಎಂದಳು ಅವಳು ಶುಕ್ರವಾರ ಬೆಳಗ್ಗೆ, ಲೋಟವನ್ನು ತಂದೆಯ ಮುಂದಿಡುತ್ತ.

ಚನ್ನಬಸಪ್ಪನವರು ದೊಡ್ಡದೊಂದು ಗುಟುಕು ಕುಡಿದರು. ಬಿಳಿ ಮೀಸೆಯ ಅಂಚಿಗೆ ನೇರಳೆ ಗೆರೆ ಮೂಡಿತು. “ಅಮೃತ ಕಣಮ್ಮ, ಅಮೃತ! ನಮ್ಮ ಹೊಸದುರ್ಗದ ಕಡೆ ಈ ಗಿಡದ ಸೊಪ್ಪನ್ನ ಹುಳಕ್ಕೆ ಹಾಕ್ತಿದ್ರು. ಹುಳ ರೇಷ್ಮೆ ಬಿಡ್ತಿತ್ತು. ಇಲ್ಲಿ ಹಣ್ಣನ್ನ ನನಗೆ ಹಾಕ್ತಿದೀಯ. ನಾನೇನು ಬಿಡ್ಲಿ, ಹೇಳು?”

“ನೀವು ಜಲೇಬಿ ಬಿಡಿ, ಸಾಕು. ಅಪ್ಪಾ, ನಾನು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು. ಒಳ್ಳೇದಲ್ವಾ, ಹೋಗು. ನಾನು ಬೇಡ ಅಂದ್ನಾ?”

“ಬೆಳಗ್ಗೆ ನಿಮಗೆ?”

“ನನಗೇನು, ಕೆಳಗಡೆ ರಾಕೇಶ್‌ಭಾಯ್ ಅಂಗಡಿ ಇದೆಯಲ್ಲ. ಏನೋ ಒಂದು ತಿಂದ್ಕೋತೀನಿ. ನಿನ್ನ ಕೈಯ ಹದ ನನ್ನ ಕೈಗೆ ಎಲ್ಲಿಂದ ಬರಬೇಕು? ಆ ಮಿಕ್ಸಿ ಯಾವ ಕಡೆ ತಿರುಗ್ತದೆ ಅನ್ನೋದೇ ನನಗೆ ಗೊತ್ತಿಲ್ಲ.”

ಮಾತು ಅಲ್ಲಿಗೆ ಮುಗಿಯಿತು. ತಂದೆ ಕೊಟ್ಟದ್ದು ಒಪ್ಪಿಗೆ. ಆದರೆ ಆ ಒಪ್ಪಿಗೆಯ ಕೊನೆಯಲ್ಲಿ ರಾಕೇಶ್‌ಭಾಯಿಯ ಎಣ್ಣೆ ಬಾಣಲೆ ಕುದಿಯುತ್ತಿತ್ತು. ಕಳೆದ ಚಳಿಗಾಲದಲ್ಲಿ ಪ್ರೇರಣಾ ತರಬೇತಿಗೆಂದು ಎರಡು ದಿನ ಅಹಮದಾಬಾದಿಗೆ ಹೋಗಿದ್ದಾಗ, ತಂದೆ ಎರಡೂ ದಿನ ತಾಯಿಯ ಕಣ್ಣು ತಪ್ಪಿಸಿ ಆ ಅಂಗಡಿಯಲ್ಲಿ ನಿಂತು ಕಡಲೆಹಿಟ್ಟಿನ ಬಿಸಿಬಿಸಿ ಫಾಫಡಾ, ಜಲೇಬಿ ತಿಂದಿದ್ದರು. ಮರುದಿನ ಎದೆ ಹಿಡಿದುಕೊಂಡು ಕುಸಿದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಎರಡು ದಿನದ ಜಲೇಬಿಯಿಂದ ಯಾರ ರಕ್ತನಾಳವೂ ಕಟ್ಟಿಕೊಳ್ಳುವುದಿಲ್ಲವೆಂದು ಅವಳು ಓದಿದ ವಿಜ್ಞಾನ ಹೇಳುತ್ತಿತ್ತು. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದವಳಿಗೆ ವಿಜ್ಞಾನ ಹೇಳಿದ್ದು ತಲೆಗೆ ಹತ್ತಿತೇ ವಿನಾ ಎದೆಗೆ ಇಳಿಯಲಿಲ್ಲ. ಎಣ್ಣೆ ಬೇಡ, ಸಕ್ಕರೆ ಬೇಡ ಎಂದರು ವೈದ್ಯರು. ಹಾಲು ಮೊದಲಿನಿಂದಲೂ ಅವರಿಗೆ ಒಗ್ಗದು. ಮಧ್ಯಾಹ್ನದ ತನಕ ಹೊಟ್ಟೆ ತಡೆಯುವಂಥದ್ದನ್ನು ಹುಡುಕಿ ಹುಡುಕಿ ಅವಳು ಈ ಸ್ಮೂದಿಯನ್ನು ಕಂಡುಹಿಡಿದಳು. ತಾನೇ ಹದಗೊಳಿಸಿದ್ದರೊಳಗೆ ತಾನೇ ಸಿಕ್ಕಿಕೊಂಡಳು, ಗೂಡು ಕಟ್ಟಿದ ರೇಷ್ಮೆಹುಳದ ಹಾಗೆ. ಯಾರನ್ನು ದೂರುವುದು? ತಂದೆ ಗದರುವವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ದಿನವೂ ಹೊಗಳುತ್ತಿದ್ದರು. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಶನಿವಾರ ಅವಳು ಸೂರತ್ತಿಗೆ ಹೋದಳು. ಅಕ್ಕ ಸಂಜನಾಳ ಬಾಣಂತನಕ್ಕೆಂದು ತಾಯಿ ಗಿರಿಜಮ್ಮ ಅಲ್ಲಿದ್ದರು. ಮಗುವಿಗೆ ಭಾನುವಾರ ಹೆಸರಿಡುವವರಿದ್ದರು. ಹೊರಡುವ ಮುನ್ನ ಮಿಕ್ಸಿಯ ಜಾರುಗಳನ್ನು ತೊಳೆದು, ಮುಚ್ಚಳದ ರಬ್ಬರ್ ಉಂಗುರವನ್ನು ಬಿಡಿಸಿ, ಉಜ್ಜಿ, ಒಣಗಿಸಿ, ಮತ್ತೆ ಕೂಡಿಸಿ ಇಟ್ಟಳು. ಅದು ಪ್ರಯೋಗಾಲಯದಿಂದ ಬಂದ ಅಭ್ಯಾಸ. ತಂದೆಯಿಂದ ರಾಕೇಶ್‌ಭಾಯ್ ಅಂಗಡಿಯ ಕಡೆ ತಲೆ ಹಾಕುವುದಿಲ್ಲವೆಂದು ಭಾಷೆಯನ್ನೂ ತೆಗೆದುಕೊಂಡಳು.

“ಅಮ್ಮಾ, ನೀನು ವಾಪಸ್ ಬರೋದು ಯಾವಾಗ?” ಎಂದು ಸೂರತ್ತಿನಲ್ಲಿ ಕೇಳಿದಳು.

ಗಿರಿಜಮ್ಮ ತೊಟ್ಟಿಲ ಹಗ್ಗವನ್ನು ಬಿಡದೆಯೇ ಹೇಳಿದರು: “ಮಗು ಕತ್ತು ನಿಲ್ಲಿಸಲಿ ಕಣೇ. ಯಾಕೆ, ನಿಮ್ಮಪ್ಪ ಸತಾಯಿಸ್ತಿದಾರಾ?”

“ಸತಾಯಿಸಲ್ಲ. ಹೊಗಳ್ತಾರೆ.”

“ಅಯ್ಯೋ, ಹೊಗಳೋಕೆ ಶುರು ಮಾಡಿದ್ರಾ? ಹಾಗಾದ್ರೆ ಮುಗೀತು ನಿನ್ನ ಕಥೆ.” ಗಿರಿಜಮ್ಮ ನಕ್ಕರು. “ಮದುವೆಯಾದ ಹೊಸದರಲ್ಲಿ ತವರಿಗೆ ಹೋಗ್ತೀನಿ ಅಂದಾಗಲೆಲ್ಲ, ನಿನ್ನ ಸಾರಿನ ರುಚಿ ಯಾರಿಗೂ ಬರಲ್ಲ ಗಿರಿಜಾ ಅಂತಿದ್ರು. ಪಾಪ, ಅನ್ನ ಇಡೋಕೂ ಬರದ ಗಂಡಸು ಅಂತ ನಾನು ಹೋಗೋದನ್ನೇ ಕಡಿಮೆ ಮಾಡಿದೆ.”

“ನಿಜವಾಗಲೂ ಬರ್ತಿರಲಿಲ್ವಾ?”

“ಯಾರಿಗೆ ಗೊತ್ತು? ನಾನು ಹೋಗಿದ್ರೆ ತಾನೆ ಗೊತ್ತಾಗೋದು.”

ಆ ಮಾತು ಭಾನುವಾರ ಸಂಜೆ ರೈಲಿನಲ್ಲಿ ಅವಳ ಜೊತೆಗೇ ಕೂತು ವಡೋದರಾಕ್ಕೆ ಬಂತು.

ತಂದೆ ಸೋಫಾದ ಮೂಲೆಯಲ್ಲಿ ಸೊರಗಿದವರಂತೆ ಕೂತಿದ್ದರು. “ಬಂದೆಯಾ ತಾಯಿ?”

“ಬೆಳಗ್ಗೆ ಏನು ತಿಂದ್ರಿ?”

“ಏನು ತಿನ್ನೋದು? ಎರಡು ಬಾಳೆಹಣ್ಣು ತಿಂದು ನೀರು ಕುಡಿದೆ. ಹೊಟ್ಟೆ ತುಂಬಲಿಲ್ಲ, ಬಿಡು. ನೀನು ಬಂದೆಯಲ್ಲ, ಇನ್ನು ಚಿಂತೆಯಿಲ್ಲ.”

ಚಿಲಕ ಬಿದ್ದ ಸದ್ದು ಕೇಳಿದಂತಾಯಿತು ಅವಳಿಗೆ. ಅಡುಗೆಮನೆಗೆ ಹೋಗಿ ಕಡಲೆಕಾಯಿ ರುಬ್ಬಲೆಂದು ದೊಡ್ಡ ಜಾರು ತೆಗೆದಳು. ಜಾರು ತೊಳೆದಿತ್ತು. ಆದರೆ ಅಭ್ಯಾಸಬಲದಿಂದ ಮುಚ್ಚಳದ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿದಾಗ, ಅದರ ಕೆಳಗಿನ ಕಾಲುವೆಯಲ್ಲಿ ನೇರಳೆ ಬಣ್ಣದ ತೇವ ಕಂಡಿತು. ಬೆರಳಿನಿಂದ ಮುಟ್ಟಿ ನೋಡಿದಳು. ಲೋಳೆ. ಅದರೊಳಗೆ ಸಾಸಿವೆಗಿಂತ ಸಣ್ಣದೊಂದು ಹಿಪ್ಪುನೇರಳೆಯ ಬೀಜ. ಉಂಗುರವನ್ನೂ ಬಿಡಿಸಿ ತೊಳೆಯಬೇಕೆಂಬುದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಒಲೆಯ ಕಟ್ಟೆಗೆ ಒರಗಿದಳು. ಮೊದಲು ಬಂದದ್ದು ಸಿಟ್ಟು. ಮುಚ್ಚಳವನ್ನು ಹಾಗೆಯೇ ತಂದೆಯ ಮುಂದೆ ಹಿಡಿದು, ಇದೇನು ಎಂದು ಕೇಳಬೇಕೆನಿಸಿತು. ಆದರೆ ಅವರು ಏನೋ ಕಲಸಿ, ಹದಗೆಟ್ಟು, ಚೆಲ್ಲಿರಲೂಬಹುದು. ಹಾಗಾಗಿದ್ದರೆ ಆ ಬಾಳೆಹಣ್ಣು ನಿಜ, ಅವರ ಹಸಿವೂ ನಿಜ, ತಾನು ಇಲ್ಲಿಯೇ ಇರಬೇಕಾದದ್ದೂ ನಿಜ. ಒಂದು ಬೀಜದಿಂದ ತೀರ್ಮಾನಕ್ಕೆ ಬರುವುದು ಸಲ್ಲದು. ಉಂಗುರವನ್ನು ತೊಳೆದಳು, ಒಣಗಿಸಿದಳು, ಎಂದಿನಂತೆ ಕಡಲೆಕಾಯಿ ಹಾಲು ಸೋಸಿಟ್ಟು, ಓಟ್ಸ್ ನೆನೆಸಿ ಮಲಗಿದಳು.

ಸೋಮವಾರ ಬೆಳಗ್ಗೆ ಅವಳು ಏಳಲಿಲ್ಲ. ಸ್ನಾನದ ನೀರಿನ ಸದ್ದು ಕೇಳಿತು, ನಿಂತಿತು. ಪೂಜೆ ಆರಂಭವಾಯಿತು. ಈಚೆಯ ಅಡುಗೆಮನೆ ಮೌನವಾಗಿತ್ತು. ಅಭ್ಯಾಸವಾದ ಕೈಗಳು ಹೊದಿಕೆಯೊಳಗೆ ಚಡಪಡಿಸಿದವು. ದೂರದಲ್ಲಿ ರೈಲು ಕೂಗಿತು. ಅವಳು ದಿಂಬನ್ನು ಬಿಗಿಯಾಗಿ ಹಿಡಿದುಕೊಂಡಳು. ಪೂಜಾಕೋಣೆಯ ಬಾಗಿಲು ತೆರೆಯಿತು.

“ಪುಟ್ಟೀ? ಏಳಲಿಲ್ವೇನಮ್ಮ?” ತಂದೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

“ತಲೆ ಸಿಡೀತಿದೆ ಅಪ್ಪಾ. ನನ್ನ ಕೈಲಾಗಲ್ಲ.” ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಅವರು ಒಳಗೆ ಬಂದು ಅವಳ ಹಣೆ ಮುಟ್ಟಿ ನೋಡಿದರು. ಆ ಕೈಗೆ ವಿಭೂತಿಯ ಪರಿಮಳವಿತ್ತು. “ರಾತ್ರಿ ಊಟ ಮಾಡಿದ್ಯಾ?”

“ಇಲ್ಲ.”

“ಹೊಟ್ಟೆಗಿಲ್ಲದೆ ತಲೆ ಸಿಡೀದೆ ಇನ್ನೇನು ಮಾಡ್ತದೆ?”

ಅವರು ಬಾಗಿಲವರೆಗೆ ಹೋಗಿ ನಿಂತರು. ತಿರುಗಿ ಅವಳನ್ನು ನೋಡಿದರು. ಆ ಕ್ಷಣದಲ್ಲಿ ತೂಗಾಡುತ್ತಿದ್ದದ್ದೇನೆಂದು ಇಬ್ಬರಿಗೂ ಗೊತ್ತಿದ್ದಿರಬೇಕು. ಆಮೇಲೆ ಅವರು ಅಡುಗೆಮನೆಯ ಕಡೆ ಹೋದರು.

ಅವಳು ಕಣ್ಣು ಮುಚ್ಚಿ ಕೇಳಿದಳು. ಚಿಕ್ಕ ಜಾರಿನ ಒಣ ಕರಕರ: ಅಗಸೆ. ಫ್ರಿಜ್ಜಿನ ಬಾಗಿಲು. ದೊಡ್ಡ ಜಾರಿನ ಮಂದವಾದ ಗುಡುಗು: ಓಟ್ಸ್, ಹುರಿಗಡಲೆ, ಕಡಲೆಕಾಯಿ ಹಾಲು. ನಿಂತಿತು. ಗಾಜಿಗೆ ಗೋಲಿ ತಾಕಿದಂತೆ ಕಲ್ಲುಹಣ್ಣುಗಳು ಬಿದ್ದವು. ಮತ್ತೆ ಗುಡುಗು, ಮೊದಲು ಒರಟಾಗಿ, ಬರಬರುತ್ತ ಮೆತ್ತಗೆ. ಈಗ ನಿಲ್ಲಿಸಿದರೆ ತಪ್ಪು. ನಿಲ್ಲಲಿಲ್ಲ. ತಿರುಗುತ್ತಿರುವಾಗಲೇ ಚಿಕ್ಕ ಜಾರಿನ ಅಂಚಿಗೆ ಚಮಚ ತಾಕುವ ಕಿಣಿಕಿಣಿ ಕೇಳಿಸಿತು. ಒಮ್ಮೆ, ಮತ್ತೊಮ್ಮೆ, ಮಗದೊಮ್ಮೆ.

ಚನ್ನಬಸಪ್ಪನವರು ಎರಡು ಲೋಟ ತಂದರು. ಒಂದನ್ನು ಅವಳ ಕೈಗಿಟ್ಟರು. “ಕುಡಿ. ತಡ ಮಾಡಿದ್ರೆ ಗಟ್ಟಿಯಾಗ್ತದೆ.”

“ಯಾವಾಗ ಕಲಿತ್ರಿ?”

ಅವರು ಮಂಚದ ತುದಿಯಲ್ಲಿ ಕೂತು, ತಮ್ಮ ಲೋಟವನ್ನೇ ನೋಡುತ್ತ ಹೇಳಿದರು: “ಪೂಜೆಗೆ ಕೂತೋನು ಕಣ್ಣು ಮುಚ್ಚಿಕೊಂಡಿರ್ತಾನೆ. ಕಿವಿ ಮುಚ್ಚಿಕೊಂಡಿರ್ತಾನಾ?”

“ಮತ್ತೆ ಬಾಳೆಹಣ್ಣು?”

“ಹಣ್ಣೂ ತಿಂದೆ. ಎಲ್ಲಾ ಸುಳ್ಳೇ ಹೇಳ್ತೀನಾ ನಾನು?” ಅವರು ಒಂದು ಗುಟುಕು ಕುಡಿದು ಮುಖ ಕಿವಿಚಿದರು. “ನಿಜ ಹೇಳ್ಲಾ? ಇದು ನನಗೆ ಒಂದು ದಿನಾನೂ ಸೇರಿಲ್ಲ.”

“ಅಮೃತ ಅಂತಿದ್ರಿ.”

“ಅಮೃತ ಚೆನ್ನಾಗಿರ್ತದೆ ಅಂತ ಯಾರಮ್ಮ ಹೇಳಿದ್ದು?”

ನಗು ಬಂದರೂ ಇಬ್ಬರೂ ನಗಲಿಲ್ಲ. ಅವರು ಲೋಟವನ್ನು ಪಕ್ಕಕ್ಕಿಟ್ಟು ಹೇಳಿದರು: “ಪೂಜೆ ಮುಗಿಸಿ ಎದ್ದಾಗ ಮನೇಲಿ ಇನ್ನೊಬ್ಬರ ಸದ್ದು ಇರಬೇಕು ಅನ್ನಿಸ್ತಿತ್ತು, ಅಷ್ಟೇ. ಅವರಿಗೆ ಉತ್ತರ ಕೊಡಬೇಕಾದ್ದು ಇವತ್ತಲ್ವಾ?”

“ಹೌದು.”

“ಕೊಡು. ಆ ರಾಕೇಶ್‌ಭಾಯ್ ಅಂಗಡಿ ಕಡೆ ಹೋಗಲ್ಲ. ಹಣ್ಣು ಮಾತ್ರ ತಂದಿಡು.”

ಪ್ರೇರಣಾ ಫೋನು ತೆಗೆದುಕೊಂಡು, ಕೆಲಸಕ್ಕೆ ಸೇರುವುದಾಗಿ ಬೋಡಕ್‌ದೇವ್‌ನವರಿಗೆ ಬರೆದು ಕಳುಹಿಸಿದಳು. ಆಮೇಲೆ ಲೋಟವನ್ನು ಪೂರ್ತಿ ಕುಡಿದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಳವನ್ನು ಪರೀಕ್ಷಿಸಿದಳು. ಅಗಸೆಯ ಒಂದು ಗಂಟೂ ಇರಲಿಲ್ಲ.