ಅಳತೆಯ ದಾರ

ಹಾಸನದಿಂದ ಸಾಲಗಾಮೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಂಜಮ್ಮನ ಪಕ್ಕದ ಸೀಟು ಖಾಲಿ ಇದ್ದರೂ ಜನ ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಕಾರಣ ಬೇರೇನಲ್ಲ, ಅವಳ ಮೊಣಕೈ. ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯಲು ಕೂತಳೆಂದರೆ ಪಕ್ಕದವರ ಪಕ್ಕೆಲುಬಿಗೆ ಉಳಿಗಾಲವಿರಲಿಲ್ಲ. ಸಾಲಗಾಮೆಯ ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸಮ್ಮ. ಹೆರಿಗೆ ತಡವಾದರೆ ಹೆರಿಗೆ ಕೋಣೆಯ ಬಾಗಿಲಲ್ಲೇ ನಾಲ್ಕು ಸಾಲು ಹೆಣೆದು ಮುಗಿಸುವವಳು. ಟ್ರೈನಿಂಗ್ ಹಾಸ್ಟೆಲಿನಲ್ಲಿ ಕಲಿತ ಈ ವಿದ್ಯೆ ಇಪ್ಪತ್ತು ವರ್ಷವಾದರೂ ಅವಳನ್ನು ಬಿಟ್ಟಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಚಲುವಯ್ಯನ ಬಳಿ ಏಳು ಸ್ವೆಟರ್ ಇದ್ದವು. ಹಾಸನದ ಚಳಿಗೆ ಎರಡು ಸಾಕು, ಉಳಿದವು ನನ್ನ ಹೆಣದ ಮೇಲೆ ಹೊದಿಸೋಕೆ ಎಂದು ಅವನು ತಮಾಷೆ ಮಾಡಿ ಬೈಸಿಕೊಳ್ಳುತ್ತಿದ್ದ.

ಉಲ್ಲನ್ ವಿಷಯದಲ್ಲಿ ಮಾತ್ರ ನಂಜಮ್ಮ ಬಲು ಜಂಬದವಳು. ಕಟ್ಟಿನಕೆರೆ ಮಾರ್ಕೆಟ್ಟಿನ ಅಂಗಡಿಯಲ್ಲಿ ಉಂಡೆಯನ್ನು ಕೆನ್ನೆಗೆ ಒತ್ತಿ ನೋಡಿ, ಚುಚ್ಚಿದರೆ ಅಲ್ಲೇ ಬಿಟ್ಟು ಬರುವಳು. ಒಂದು ಸ್ವೆಟರಿಗೆ ಬೇಕಾದಷ್ಟನ್ನೂ ಒಂದೇ ದಿನ ಕೊಳ್ಳಬೇಕು. ಆಮೇಲೆ ಹೋದರೆ ಅದೇ ಬಣ್ಣ ಎಂದು ಕೊಡುತ್ತಾರೆ, ಬಿಸಿಲಿಗೆ ಹಿಡಿದರೆ ಬೇರೆ ಕಾಣುತ್ತದೆ. ಎಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು ಮೆತ್ತನೆಯ ರಾಣಿ ಬಣ್ಣದ ಉಲ್ಲನ್. ಅದನ್ನು ಅವಳು ಯಾರಿಗೂ ಹೆಣೆಯುತ್ತಿರಲಿಲ್ಲ. ಅದು ಅರಕಲಗೂಡಿನಲ್ಲಿದ್ದ ಕವನಾಗೆ ಮೀಸಲು.

ಕವನಾ ನಂಜಮ್ಮನ ತಂಗಿ ಸಾಕಮ್ಮನ ಮಗಳು. ಸಾಕಮ್ಮ ಕ್ಷಯ ಬಂದು ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಮಕ್ಕಳಿಲ್ಲದ ನಂಜಮ್ಮ, ಮಗುವನ್ನು ನಾನು ಸಾಕ್ತೀನಿ ಎಂದು ಕೈಚಾಚಿದಳು. ತಂಗಿಯ ಗಂಡ ಚೆನ್ನಯ್ಯ ಪ್ರೈಮರಿ ಶಾಲೆಯ ಮೇಷ್ಟ್ರು. ಅವನು ಕೊಡಲಿಲ್ಲ. ವರ್ಷ ತುಂಬುವುದರೊಳಗೆ ಮಂಗಳ ಎಂಬುವಳನ್ನು ಮದುವೆಯಾದ. ಆ ಮನೆಯ ಹೊಸ್ತಿಲು ತುಳಿದರೆ ನನ್ನ ಕಾಲು ಮುರಿದುಹೋಗಲಿ ಎಂದು ಅವತ್ತು ಮಣ್ಣು ಮುಟ್ಟಿ ಆಣೆ ಇಟ್ಟ ನಂಜಮ್ಮ ಆರು ವರ್ಷದಿಂದ ಅತ್ತ ಸುಳಿದಿರಲಿಲ್ಲ. ಹಟದಲ್ಲಿ ಅವಳನ್ನು ಮೀರಿಸುವವರು ಇಲ್ಲ. ಅದು ಅವಳ ಗುಣವೋ ರೋಗವೋ, ಚಲುವಯ್ಯನಿಗೇ ತೀರ್ಮಾನವಾಗಿರಲಿಲ್ಲ.

ಬೇಸಿಗೆ ರಜೆಯಲ್ಲಿ ಕವನಾ ಹತ್ತು ದಿನ ಹಾಸನಕ್ಕೆ ಬಂದು ಹೋಗುತ್ತಿದ್ದಳು. ಗಣೇಶನ ಹಬ್ಬ ಕಳೆದ ಮೇಲೆ ಅವಳ ಅಳತೆಯ ದಾರ ಬರುತ್ತಿತ್ತು. ಇದು ನಂಜಮ್ಮನ ಅವ್ವನ ಕಾಲದ ಪದ್ಧತಿ. ಮಕ್ಕಳ ಮೈ ಅಳತೆಯನ್ನು ಇಂಚು ಲೆಕ್ಕದಲ್ಲಿ ಬಾಯಿ ಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂದು ಆ ಮುದುಕಿ ಟೇಪು ಮುಟ್ಟಗೊಡುತ್ತಿರಲಿಲ್ಲ. ಒಂದು ಬಿಳಿ ದಾರ, ಅದರಲ್ಲಿ ಮೂರು ಗಂಟು. ತುದಿಯಿಂದ ಮೊದಲ ಗಂಟಿನವರೆಗೆ ಎದೆಯ ಸುತ್ತು, ಅಲ್ಲಿಂದ ಎರಡನೆಯದರವರೆಗೆ ಉದ್ದ, ಅಲ್ಲಿಂದ ಮೂರನೆಯದರವರೆಗೆ ತೋಳು. ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಗುಂಡಯ್ಯ ಆ ದಾರವನ್ನು ಬೆಂಕಿಪೊಟ್ಟಣದಲ್ಲಿ ತಂದು ಚಲುವಯ್ಯನಿಗೆ ಕೊಡುತ್ತಿದ್ದ. ದೀಪಾವಳಿಯ ಹೊತ್ತಿಗೆ ಸ್ವೆಟರ್ ಅದೇ ಬಸ್ಸಿನಲ್ಲಿ ಹೋಗುತ್ತಿತ್ತು.

ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಕವನಾ ಬರಲಿಲ್ಲ. ಮಂಗಳಳ ಮಗಳು ಶಿಲ್ಪಳಿಗೆ ಅಮ್ಮ ಎದ್ದು ಮೈಯೆಲ್ಲ ಬೊಕ್ಕೆಯಾಗಿತ್ತು, ಮನೆಯವರು ಯಾರೂ ಊರು ಬಿಡುವಂತಿರಲಿಲ್ಲ. ಗಣೇಶ ಹೋದ ಎಂಟನೇ ದಿನಕ್ಕೆ ದಾರವೇನೋ ಬಂತು. ನಂಜಮ್ಮ ಹಳೆಯ ದಾರಗಳನ್ನಿಟ್ಟ ಬಿಸ್ಕತ್ತು ಡಬ್ಬಿ ತೆಗೆದು, ಹೋದ ವರ್ಷದ್ದರ ಪಕ್ಕದಲ್ಲಿ ಹೊಸದನ್ನು ಹಾಸಿದಳು. ಇದು ಅವಳು ಪ್ರತಿ ವರ್ಷ ಕಾಯುವ ಗಳಿಗೆ. ಮಗು ಎಷ್ಟು ಬೆಳೆದಿದೆ ಎಂದು ಬೆರಳಿಟ್ಟು ನೋಡುವ ಖುಷಿ.

ಹೊಸ ದಾರ ಒಂದೊಂದು ಗಂಟಿಗೂ ನಾಲ್ಕು ಬೆರಳು ಗಿಡ್ಡವಿತ್ತು.

ತಿರುಗಿಸಿ ಹಾಸಿದಳು. ಎಳೆದು ಹಾಸಿದಳು. ಎದೆಯೂ ಕಮ್ಮಿ, ಉದ್ದವೂ ಕಮ್ಮಿ, ತೋಳೂ ಕಮ್ಮಿ.

"ಗಂಟು ತಪ್ಪಿರ್ಬೇಕು ಕಣಮ್ಮಿ," ಅಂದ ಚಲುವಯ್ಯ. "ಮಕ್ಳ ಕೆಲ್ಸ, ಇನ್ನೆಂಗಿರ್ತದೆ?"

"ಮೂರೂ ತಪ್ತಾವಾ?"

ಅವನು ದಾರ ಎತ್ತಿ ತಾನೂ ಎಳೆದು ನೋಡಿದ. ಅವಳ ತಲೆಯಲ್ಲಿ ಏನು ಓಡುತ್ತಿದೆಯೆಂದು ಅವನಿಗೂ ಗೊತ್ತಿತ್ತು. ಸಾಕಮ್ಮ ಬದುಕಿದ್ದಾಗ ಅವಳಿಗೂ ನಂಜಮ್ಮನೇ ಸ್ವೆಟರ್ ಹೆಣೆಯುತ್ತಿದ್ದಳು. ಕೊನೆಯ ವರ್ಷ ಬಂದ ಅವಳ ದಾರವೂ ಹೀಗೇ ಗಿಡ್ಡವಿತ್ತು. ಬಿಗಿಯಾಗಿ ಸುತ್ತಿರಬೇಕು ಎಂದು ನಕ್ಕು, ನಂಜಮ್ಮ ಚಿಕ್ಕದಾಗಿ ಹೆಣೆದು ಕಳಿಸಿದ್ದಳು. ನಾಲ್ಕು ತಿಂಗಳ ಮೇಲೆ ನೋಡಲು ಹೋದರೆ ಆ ಚಿಕ್ಕ ಸ್ವೆಟರೂ ತಂಗಿಯ ಮೈಮೇಲೆ ಜೋಲಾಡುತ್ತಿತ್ತು. ಊರೂರು ಸುತ್ತಿ ಕಂಡವರ ಮಕ್ಕಳ ತೋಳಿಗೆಲ್ಲ ಪಟ್ಟಿ ಸುತ್ತಿ ಯಾರು ಸೊರಗಿದ್ದಾರೆಂದು ಬರೆದುಕೊಳ್ಳುವ ನರ್ಸಮ್ಮನಿಗೆ ಸ್ವಂತ ತಂಗಿ ಕರಗುತ್ತಿದ್ದದ್ದು ಕೈಯಲ್ಲೇ ಇದ್ದ ದಾರದಲ್ಲಿ ಕಾಣಲಿಲ್ಲ. ಆ ಸಂಕಟ ಅವಳ ಎದೆಯಿಂದ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಸೊರಗಿದರೆ ಎದೆ ಇಳಿಯಬಹುದು, ತೋಳು ಗಿಡ್ಡವಾಗದು ಎಂಬ ನರ್ಸಮ್ಮನ ಲೆಕ್ಕ ಆ ಭಯದ ಮುಂದೆ ನಿಲ್ಲಲಿಲ್ಲ.

ನೆಟ್ಟಗೆ ಬಸ್ಸು ಹತ್ತಿ ಹೋಗಿ ನೋಡಬಹುದಿತ್ತು. ಒಂದು ಗಂಟೆಯ ದಾರಿ. ಆದರೆ ಆಣೆ ಅಡ್ಡ ಬಂತು. ಸ್ವೆಟರ್ ಮುಗಿಯಲಿ, ಕೊಡುವ ನೆಪದಲ್ಲಿ ಹೋದರಾಯಿತು ಎಂದುಕೊಂಡಳು. ರಾಣಿ ಬಣ್ಣದ ಉಲ್ಲನ್ ತಂದು ದಾರದ ಅಳತೆಗೆ ಕುಣಿಕೆ ಏರಿಸಿದಳು. ಕಡ್ಡಿಯ ಮೇಲಿದ್ದ ಆ ಪುಟ್ಟ ಅಗಲ ನೋಡಿ ಪೂರಾ ಬಿಚ್ಚಿದಳು. ಹೋದ ವರ್ಷದ ಅಳತೆಗೆ ಏರಿಸಿದಳು. ಒಂದು ಗೇಣು ಹೆಣೆದ ಮೇಲೆ, ನಾನು ಯಾರಿಗೆ ಸುಳ್ಳು ಹೇಳುತ್ತಿದ್ದೇನೆ ಎನಿಸಿ ಅದನ್ನೂ ಬಿಚ್ಚಿದಳು. ಎರಡು ಸಲ ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ ಮಡಿಲಲ್ಲಿ ಬಿದ್ದಿತ್ತು. ಬಸ್ಸಿನಲ್ಲಿ ಅವಳ ಮೊಣಕೈ ಈಗ ಯಾರಿಗೂ ತಾಗುತ್ತಿರಲಿಲ್ಲ. ಒಂದು ಸಾಲು ಹೆಣೆದು ಕಿಟಕಿ ನೋಡುತ್ತ ಕೂರುವಳು. ಕಡೆಗೆ ಹಲ್ಲು ಕಚ್ಚಿ ಹೊಸ ದಾರದಂತೆಯೇ ಹೆಣೆಯತೊಡಗಿದಳು. ಹೆಣಿಗೆ ಬೇಗ ಮುಗಿಯಿತು. ಅಷ್ಟು ಬೇಗ ಮುಗಿದದ್ದೇ ಅವಳಿಗೆ ಹೆದರಿಕೆಯಾಯಿತು.

ತೋಳು ಜೋಡಿಸುವುದೊಂದು ಬಾಕಿ ಇದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಗುಂಡಯ್ಯನನ್ನು ಹಿಡಿದಳು.

"ದಾರ ಯಾರು ಕೊಟ್ಟಿದ್ದು ಗುಂಡಯ್ಯ?"

"ಮಗೀನೇ ತಂದ್ಕೊಡ್ತು ಕಣಕ್ಕ."

"ಎಂಗವ್ಳೆ?"

"ಮಳೆ ಬತ್ತಿತ್ತು. ತಲೆ ತುಂಬ ಟವೆಲ್ ಸುತ್ಕಂಡಿತ್ತು, ಮೊಕ ಸರ್ಯಾಗಿ ಕಾಣ್ನಿಲ್ಲ," ಎಂದು ಗುಂಡಯ್ಯ ಟಿಕೆಟ್ ಪುಸ್ತಕ ಮಡಿಸಿದ. "ಕೆಮ್ತಿತ್ತು, ಪಾಪ."

ಆ ಭಾನುವಾರ ನಂಜಮ್ಮ ಅರಕಲಗೂಡಿನ ಮೊದಲ ಬಸ್ಸು ಹತ್ತಿದಳು. ಕೈಚೀಲದಲ್ಲಿ ತೋಳು ಜೋಡಿಸಿ ಮುಗಿಸಿದ ಸ್ವೆಟರ್, ಅದರ ಕೆಳಗೆ ಆರೋಗ್ಯ ಕೇಂದ್ರದಿಂದ ತಂದ ಕಫ ಪರೀಕ್ಷೆಯ ಡಬ್ಬಿ. ದಾರಿಯುದ್ದಕ್ಕೂ ಅವಳು ಮಂಗಳಳೊಂದಿಗೆ ಮನಸ್ಸಿನಲ್ಲೇ ಜಗಳವಾಡಿದಳು, ಎಲ್ಲ ಸುತ್ತಿನಲ್ಲೂ ತಾನೇ ಗೆದ್ದಳು. ಇಳಿಯುವ ಹೊತ್ತಿಗೆ ಅನುಮಾನ ಹೋಗಿ ಅದೇ ಸತ್ಯವಾಗಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಉಣ್ಣಿಸಿ ತಂಗಿಯ ಮಗುವನ್ನು ಒಣಗಿಸಿದ್ದಾಳೆ, ಕೆಮ್ಮು ಬಂದರೂ ಮುಚ್ಚಿಟ್ಟಿದ್ದಾಳೆ.

ಚೆನ್ನಯ್ಯ ವೋಟರ್ ಪಟ್ಟಿ ಕೆಲಸಕ್ಕೆ ಹೋಗಿದ್ದ. ಮನೆಯೆದುರಿನ ಬೀದಿ ನಲ್ಲಿಯಲ್ಲಿ ಮಂಗಳ ನೀರು ಹಿಡಿಯುತ್ತಿದ್ದಳು, ಸುತ್ತ ನಾಲ್ಕೈದು ಹೆಂಗಸರು. ಜಗಲಿಯ ಮೇಲೆ ಐದು ವರ್ಷದ ಶಿಲ್ಪ ಕಾಲಾಡಿಸುತ್ತ ಕೂತಿದ್ದಳು. ಗುಂಡುಗುಂಡಗಿದ್ದಳು. ಅದನ್ನು ನೋಡಿದ್ದೇ ತಡ, ನಂಜಮ್ಮನ ನೆತ್ತಿಗೇರಿತು. ಕೈಚೀಲವನ್ನು ಜಗಲಿಗೆ ಎಸೆದು ಬೀದಿಯಲ್ಲೇ ನಿಂತಳು.

"ನಿನ್ ಮಗೀಗೆ ಮಾತ್ರ ಕೆನ್ನೆ ತುಂಬ್ಕಂಡವೆ ಕಣೆ! ನನ್ ತಂಗಿ ಮಗಿ ಎಲ್ಲವ್ಳೆ? ಎದ್ದು ಓಡಾಡ್ತಾಳಾ, ಇಲ್ಲ ಮಲಗ್ಸಿದ್ದೀಯಾ?"

ಮಂಗಳಳ ಕೈಯಲ್ಲಿದ್ದ ಬಿಂದಿಗೆ ತುಂಬಿ ಹರಿಯಿತು. "ಏನಂತಿದ್ದೀರಿ ನಂಜಕ್ಕ? ಯಾರಿಗೇನಾಗದೆ?"

"ಏನಾಗದೆ ಅಂತ ನನ್ನ ಕೇಳ್ತೀಯಾ? ವರ್ಸದಲ್ಲಿ ನಾಕು ಬೆರಳು ಇಳ್ದೋಗವ್ಳೆ ಅವ್ಳು! ಕೆಮ್ತಾಳಂತೆ! ಅವ್ರವ್ವನಿಗೆ ಬಂದಿದ್ದ ಕ್ಷಯವೇ ಬಂದದೆ ಅಂತ ಗೊತ್ತಿದ್ರೂವೆ ಮುಚ್ಚಿಟ್ಕಂಡು ಕುಂತಿದ್ದೀಯಲ್ಲ, ನಿನ್ ಮನೆಗೆ ಬೆಂಕಿ ಬೀಳ! ಒಂದು ತುತ್ತು ಇಕ್ಕಾಕೆ ಕೈ ಬರ್ನಿಲ್ವಾ ನಿಂಗೆ?"

ಕ್ಷಯದ ಮಾತು ಬಂದೊಡನೆ ನಲ್ಲಿಯ ಹೆಂಗಸರಲ್ಲಿ ಇಬ್ಬರು ಬಿಂದಿಗೆ ಎತ್ತಿಕೊಂಡು ಹಿಂದೆ ಸರಿದರು. ಮಂಗಳ ಅದನ್ನು ನೋಡಿದಳು. ಅವಳ ಮುಖ ಸುಣ್ಣದಂತಾಯಿತು.

"ದೊಡ್ಡವ್ವ!"

ಬೀದಿಯ ತುದಿಯಿಂದ ರಾಗಿಹಿಟ್ಟಿನ ಡಬ್ಬ ಸೊಂಟದಲ್ಲಿಟ್ಟುಕೊಂಡು ಒಬ್ಬಳು ಹುಡುಗಿ ಓಡಿ ಬಂದಳು. ನಂಜಮ್ಮನಿಗೆ ಒಂದು ಕ್ಷಣ ಗುರುತು ಹತ್ತಲಿಲ್ಲ. ಅವಳ ಭುಜದ ಎತ್ತರಕ್ಕಿದ್ದಳು. ಮಿಲ್ಲಿನ ಹಿಟ್ಟು ಮೆತ್ತಿದ ಮುಖ, ಗಟ್ಟಿ ಕೈಕಾಲು. ಮೈಮೇಲೆ ಹೋದ ವರ್ಷದ ಸ್ವೆಟರ್, ಗುಂಡಿ ಹಾಕಲಾಗದೆ ಬಿಟ್ಟದ್ದು, ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆ ನಿಂತಿತ್ತು.

ನಂಜಮ್ಮ ಬೀದಿಯಲ್ಲೇ ಅವಳ ತೋಳು ಹಿಸುಕಿದಳು, ಬೆನ್ನು ಸವರಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ಕೆಮ್ಮು?"

"ಅದಾ? ನೆಗಡಿ ಆಗಿತ್ತು. ಓಯ್ತು."

"ಮತ್ತೆ ದಾರ... ಆ ದಾರ ಯಾರ್ದೇ?"

ಕವನಾ ಹಿಟ್ಟಿನ ಡಬ್ಬ ಕೆಳಗಿಟ್ಟಳು. ಜಗಲಿಯ ಕಡೆ ನೋಡಿ, ನೆಲ ನೋಡಿದಳು. "ಶಿಲ್ಪಂದು."

ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡಳು. ಅವಳೇ ಮುಂದುವರಿಸಿದಳು. "ಓದ್ಸಲ ಬಂದಾಗ ನಾ ಕೇಳ್ನಿಲ್ವಾ, ಶಿಲ್ಪಂಗೂ ಒಂದು ಆಕ್ಕೊಡು ಅಂತ? ಉಲ್ಲನ್ ಒಬ್ರಿಗೇ ಆಗೋದು ಅಂದೆ ನೀನು. ಈ ವರ್ಸ ಅವ್ಳು ಸ್ಕೂಲಿಗೆ ಸೇರವ್ಳೆ ದೊಡ್ಡವ್ವ. ಶನಿವಾರ ಬೆಳಿಗ್ಗೆ ಸ್ಕೂಲು, ನಡುಗ್ತಾಳೆ. ಅದ್ಕೇ ನನ್ ಬದ್ಲು ಅವ್ಳ ಅಳತೆ ಕಳಿಸ್ದೆ. ಯಾರಿಗೂ ಏಳ್ನಿಲ್ಲ."

ನಂಜಮ್ಮನಿಗೆ ನೆನಪಾಯಿತು. ಆ ಮಾತು ಹೇಳಿದಾಗ ಅವಳ ಕಪಾಟಿನಲ್ಲಿ ಹದಿನಾಲ್ಕು ಉಂಡೆ ಉಲ್ಲನ್ ಇತ್ತು.

ಈ ಗದ್ದಲದಲ್ಲಿ ಜಗಲಿಯ ಮೇಲಿದ್ದ ಶಿಲ್ಪ ಕೈಚೀಲಕ್ಕೆ ಕೈ ಹಾಕಿ ರಾಣಿ ಬಣ್ಣದ ಸ್ವೆಟರನ್ನು ಎಳೆದುಕೊಂಡು ತಾನೇ ತೊಟ್ಟುಕೊಂಡಿದ್ದಳು. ಅಕ್ಕ ತನಗೆ ಹೇಳಿದ್ದಳೋ ಏನೋ, ಅದು ತನ್ನದೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ, ಭುಜ ಭುಜಕ್ಕೆ ಕೂತಿತ್ತು, ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ನಂಜಮ್ಮ ಇಪ್ಪತ್ತು ವರ್ಷದಲ್ಲಿ ಯಾರಿಗೂ ಇಷ್ಟು ಸರಿಯಾಗಿ ಹೆಣೆದಿರಲಿಲ್ಲ. ಆ ಮಗುವಿನ ಮುಖವನ್ನು ಅವಳು ಇವತ್ತಿನವರೆಗೆ ನೋಡಿರಲಿಲ್ಲ.

ಮಂಗಳ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಜಗಲಿ ಹತ್ತಿದಳು. ಮಗುವಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ಶಿಲ್ಪ ಅಳತೊಡಗಿದಳು.

"ಬ್ಯಾಡ ಬಿಡವ್ವ, ಹಾಕಿರ್ಲಿ," ಅಂದಳು ನಂಜಮ್ಮ. 

"ಇಲ್ಲ ನಂಜಕ್ಕ. ಇವ್ಳಿಗೇಂತ ಆಕಿದ್ದಲ್ಲ ಇದು." ಮಂಗಳ ಸ್ವೆಟರನ್ನು ಮಡಿಸಿ, ಜಗಲಿಯಿಂದ ಇಳಿದು ಬಂದು ನಂಜಮ್ಮನ ಕೈಗಿಟ್ಟಳು. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ನಂಜಮ್ಮನಿಗೆ ಹಗುರವಾಗುತ್ತಿತ್ತು. "ಆರು ವರ್ಸ ನೀವು ದಾರ ನೋಡಿ ಬೆಳೆಸ್ದ್ರಿ. ನಾನು ದಿನಾ ತಲೆ ಬಾಚಿ ಬೆಳೆಸ್ದೆ. ಇವತ್ತು ಕೇರಿ ಎದುರ್ಗೆ ನನ್ ಮನೇಲಿ ಕ್ಷಯ ಅದೆ ಅಂದ್ರಿ. ನಾಳೆ ಈ ಮಕ್ಕಳ ಜೊತೆ ಯಾರು ಕುಂತ್ಕತಾರೆ ಏಳಿ."

ನಂಜಮ್ಮ ಹೆಂಗಸರ ಕಡೆ ತಿರುಗಿ, ಇಲ್ಲ, ತಪ್ಪು ತಿಳ್ಕಂಡಿದ್ದೆ, ಮಗಿ ಚೆನ್ನಾಗವ್ಳೆ, ನಾನು ನರ್ಸು, ನನಗೆ ಗೊತ್ತಾಗ್ತದೆ ಎಂದಳು. ಯಾರೂ ತಲೆಯಾಡಿಸಲಿಲ್ಲ. ಅವಳು ಕವನಾಳ ಕೈ ಹಿಡಿದಳು.

"ಬಾ ಮಗ, ನಿನ್ನ ಅಳತೆ ತಗತೀನಿ. ನಿಂಗೂ ಆಕ್ಕೊಡ್ತೀನಿ, ಅವ್ಳಿಗೂ ಆಕ್ಕೊಡ್ತೀನಿ."

ಕವನಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಳುತ್ತಿದ್ದ ಶಿಲ್ಪಳನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲ ಬಳಿ ನಿಂತಳು.

"ಈಗ ಬ್ಯಾಡ ದೊಡ್ಡವ್ವ. ಅವ್ವ ಅಳ್ತಾವ್ಳೆ."

ಅವ್ವ ಎಂದು ಆ ಬಾಯಿಂದ ನಂಜಮ್ಮ ಕೇಳಿದ್ದು ಅದೇ ಮೊದಲು. ಹಾಸನಕ್ಕೆ ಬಂದಾಗಲೆಲ್ಲ ಆ ಹುಡುಗಿ ಹುಷಾರಾಗಿ, ಮನೇಲಿ, ಊರಲ್ಲಿ ಎಂದಷ್ಟೇ ಹೇಳುತ್ತಿದ್ದಳು. ತನ್ನ ಎದುರಿಗೆ ಆ ಮಾತು ಬಾರದಂತೆ ನಾಲ್ಕೈದು ವರ್ಷದಿಂದ ಎಷ್ಟು ಕಷ್ಟಪಟ್ಟು ನೋಡಿಕೊಂಡಿರಬೇಕು ಎಂದು ಈಗ ಹೊಳೆಯಿತು. ಅವರು ಮೂವರೂ ಒಳಗೆ ಹೋದರು. ಹೊಸ್ತಿಲು ಎರಡು ಹೆಜ್ಜೆಯಲ್ಲೇ ಇತ್ತು. ಈಗ ಅವಳು ಆಣೆ ಮುರಿದು ಒಳಗೆ ಹೋಗುವುದಕ್ಕೂ ಸಿದ್ಧಳಿದ್ದಳು. ಆದರೆ ಯಾರೂ ಬಾ ಎನ್ನಲಿಲ್ಲ.

ಬೀದಿ ತಿರುವಿನಲ್ಲಿ ಸ್ವೆಟರನ್ನು ಚೀಲಕ್ಕೆ ಹಾಕಲು ಹೋದಳು. ಆ ಮಗು ಅದನ್ನು ತೊಟ್ಟಿದ್ದು ಎಷ್ಟು ಹೊತ್ತೆಂದು! ಆದರೂ ಉಲ್ಲನ್ ಇನ್ನೂ ಬೆಚ್ಚಗಿತ್ತು. ನಂಜಮ್ಮ ಅದನ್ನು ಎದೆಗೊತ್ತಿಕೊಂಡು ಬೇಲಿಯ ಪಕ್ಕ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನವೇ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ಅಂಗಡಿಯಲ್ಲಿದ್ದ ರಾಣಿ ಬಣ್ಣದ ಉಂಡೆಗಳನ್ನೆಲ್ಲ ಕೊಂಡು ತಂದಳು. ಇಬ್ಬರಿಗೂ ಆಗಿ ಮಿಗುವಷ್ಟಿತ್ತು. ಗುಂಡಯ್ಯನ ಕೈಲಿ ಶಿಲ್ಪಳ ಸ್ವೆಟರನ್ನೂ ಒಂದು ಚೀಟಿಯನ್ನೂ ಕಳಿಸಿದಳು. ಇಬ್ಬರ ದಾರವನ್ನೂ ಕಳಿಸಿ ಎಂದು ಬರೆದಿದ್ದಳು. ಸ್ವೆಟರ್ ಹಿಂದಕ್ಕೆ ಬರಲಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ದೀಪಾವಳಿ ಹೋಯಿತು, ಕಾರ್ತಿಕ ಮುಗಿಯಿತು, ಬೆಳಗಿನ ಬಸ್ಸಿನ ಗಾಜೆಲ್ಲ ಇಬ್ಬನಿ ಕಟ್ಟತೊಡಗಿತು. ನಂಜಮ್ಮ ಬರಿಯ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಸಂಜೆ ಅರಕಲಗೂಡಿನ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಗುಂಡಯ್ಯ ಅವಳನ್ನು ದೂರದಿಂದಲೇ ನೋಡಿ, ಬಸ್ಸು ನಿಲ್ಲುವ ಮೊದಲೇ ಫುಟ್‌ಬೋರ್ಡಿನಿಂದ ಇಲ್ಲ ಎಂದು ಕೈಯಾಡಿಸುತ್ತಿದ್ದ.